ಬರ್ಫದ ಗಾಡಿ ಹುಟ್ಟಿದ್ದು, ಪಳಗಿದ್ದು



ನಾನು ಒಕ್ಕಲುತನ ಮಾಡುವವ. ಕಲಿತದ್ದು ಏಳನೇ ಇಯತ್ತೆ, ಅದೂ ನಮ್ಮೂರ ಕನ್ನಡ ಶಾಲೆಯಲ್ಲಿ. ಹಂತಿ ಪದ, ಡೊಳ್ಳಿನ ಪದ, ಭಜನಿ ಪದ ಹಾಡುತ್ತ ಅರವತ್ತು ದಾಟಿದೆ. ಈ ಪುಸ್ತಕಕ್ಕೆ ಒಂದು ಇತಿಹಾಸದ ಲೇಖನ ಕೊಡಬೇಕು ಅಂತ ಗುರುಗಳು ಹೇಳಿದಾಗ, ನಾನು ಅಕ್ಕಲಕೋಟ ಸಂಸ್ಥಾನದ್ದೋ ಬೋರಿ ಹೊಳಿಯದ್ದೋ ಬರೀತೀನಿ ಅಂತ ಎಲ್ಲಾರೂ ತಿಳಿದಿದ್ದರು. ಆದರೆ ನಾನು ಬರೆಯುತ್ತಿರುವುದು ಬರ್ಫದ ಮ್ಯಾಲೆ ಓಡುವ ಗಾಡಿಯ ಇತಿಹಾಸ. ಪುಸ್ತಕದಲ್ಲಿ ಅದಕ್ಕೆ ಸ್ನೋಮೊಬೈಲ್ ಅಂತ ಬರೆದಾರ. ನಮ್ಮ ಸೈನಿಕರು ಸ್ನೋ ಸ್ಕೂಟರ್ ಅಂತಾರ.

ಕೇಳಿದ ಮಂದಿ ನಕ್ಕರು. ನಮ್ಮ ಕಡೆ ಎಂದಾದರೂ ಆಣೆಕಲ್ಲು ಬಿದ್ದರೆ ಹುಡುಗರು ತಂಬಿಗ್ಯಾಗ ಆರಿಸಿಕೊಂಡು ಕುಣೀತಾರ. ಅಂಥ ಊರಿನವನಿಗೆ ಬರ್ಫದ ಗಾಡಿ ಯಾಕ ಬೇಕು? ಬೇಕು. ಯಾಕ ಅನ್ನೋದು ಓದುತ್ತ ಹೋದ ಹಾಗೆ ತಿಳೀತದ.

ಈ ಗಾಡಿಯ ಸುದ್ದಿ ನಮ್ಮ ಮನೆಗೆ ತಂದವ ನನ್ನ ಸೋದರಳಿಯ. ಅವ ಹುಟ್ಟಿದ್ದು 1978ರಲ್ಲಿ. ಹುಟ್ಟಿದ ಮರುದಿನವೇ ತಾಯಿಯನ್ನ ಕಳಕೊಂಡ. ನಮ್ಮ ಅವ್ವನ ತೊಡಿ ಮ್ಯಾಲೆ ಬೆಳೆದ. ದೊಡ್ಡವನಾಗಿ ಮಿಲಿಟರಿಗೆ ಹೋದ, ಗಾಡಿ ದುರಸ್ತಿ ಕೆಲಸ ಕಲಿತ, ಲಡಾಖಿನ ಕಡೆ ಕೆಲವು ಚಳಿಗಾಲ ಕಳೆದ. ಈಗ ಪೆನ್ಷನ್ ಬಂದು ಊರಲ್ಲೇ ಹೊಲ ಮಾಡಿಕೊಂಡಾನ. ಒಂದು ಸಲ ಸುಗ್ಗಿಯಲ್ಲಿ ಕಣದಾಗ ಕುಂತಾಗ ಅವ ಹೊಸ ಗಾಡಿ ಪಳಗಿಸಿದ ಮೊದಲ ದಿನದ ಕಥೆ ಹೇಳಿದ. ಮೊದಲು ಅದನ್ನೇ ಹೇಳ್ತೀನಿ. ಗಾಡಿ ಹ್ಯಾಂಗ ಇರತದ ಅನ್ನೋದು ಕಣ್ಣಿಗೆ ಕಟ್ಟಿದರೆ ಅದನ್ನು ಮಾಡಿದವರ ಇತಿಹಾಸ ತಿಳಿಯೋದು ಸುಲಭ.

ಮುಂದೆ ಚಕ್ರ ಇರೋದಿಲ್ಲ. ಎರಡು ಜಾರುವ ಹಲಗೆ ಇರತಾವ, ತುದಿ ಮ್ಯಾಲಕ್ಕೆ ಬಾಗಿದ್ದು. ಅದಕ್ಕೆ ಸ್ಕೀ ಅಂತಾರ. ಹಿಂದೆಯೂ ಚಕ್ರ ಇಲ್ಲ. ಅಗಲವಾದ ಒಂದು ರಬ್ಬರ್ ಪಟ್ಟಾ ಸುತ್ತುತ್ತಿರತದ, ಅದರ ಮ್ಯಾಲೆ ಸಾಲಾಗಿ ಹಲ್ಲು. ಕುದುರಿ ಮ್ಯಾಲೆ ಕುಂತಂಗ ಎರಡೂ ಕಡೆ ಕಾಲು ಇಟ್ಟು ಕೂಡಬೇಕು. ಹ್ಯಾಂಡಲ್ ಹಿಡೀಬೇಕು. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಎಕ್ಸಲೇಟರ್, ಎಡಗೈಯಲ್ಲಿ ಬ್ರೇಕು. ಗೇರು ಬದಲಿಸೋ ಕೆಲಸ ಇಲ್ಲ. ಇಂಜಿನ್ನಿನಿಂದ ಪಟ್ಟಾಕ್ಕೆ ಶಕ್ತಿ ಒಯ್ಯಲಿಕ್ಕೆ ನಮ್ಮ ರಾಶಿ ಮಷೀನಿನ ಹಾಗೆ ಒಂದು ಬೆಲ್ಟು.

ಅಳಿಯ ಅಂದ: "ಮಾಮಾ, ಹೊಸ ಗಾಡಿ ಚಾಲೂ ಮಾಡಿದ ಕೂಡಲೇ ಆಯಿಲಿನ ಹೊಗಿ ವಾಸನಿ ಬಂತು. ಸಪ್ಪಳ ಅಂದರ ನಮ್ಮೂರ ಹಿಟ್ಟಿನ ಗಿರಣಿ ಸಪ್ಪಳ. ಈಗ ಹಾರ್ತದ ಅಂತ ಕುಂತೆ. ಬೆರಳು ಒತ್ತಿದೆ. ಗಾಡಿ ಮುಂದ ಹೋಗಲಿಲ್ಲ, ಕೆಳಗ ಹೋತು."

ಆಗಿದ್ದು ಇಷ್ಟು. ರಾತ್ರಿ ಬಿದ್ದ ಬರ್ಫ ಹತ್ತಿಯ ಹಾಗೆ ಹಗುರ ಇತ್ತು. ನಿಂತಲ್ಲೇ ಜೋರು ಒತ್ತಿದ್ದಕ್ಕೆ ಪಟ್ಟಾದ ಹಲ್ಲು ಬರ್ಫ ತೋಡಿ ತೋಡಿ ಹಿಂದಕ್ಕೆ ಚೆಲ್ಲಿತು. ಗಾಡಿ ತಾನೇ ಮಾಡಿದ ಕುಣಿಯೊಳಗೆ ಕುಂತಿತು. ನಮ್ಮ ಎರಿಹೊಲದ ಅರಲಿನೊಳಗೆ ಟ್ರ್ಯಾಕ್ಟರ್ ಸಿಕ್ಕಿ, ಹೊಸ ಡ್ರೈವರ್ ಸಿಟ್ಟಿಗೆದ್ದು ಎಕ್ಸಲೇಟರ್ ತುಳಿದರೆ ಏನಾಗತದೋ ಅದೇ. ಹಳಬ ಹವಾಲ್ದಾರರೊಬ್ಬರು ಬಂದು ಸನಿಕೆಯಿಂದ ಮುಂದಿನ ಬರ್ಫ ತಗಿಸಿ, ಕಾಲಿನಿಂದ ತುಳಿಸಿ ದಾರಿ ಗಟ್ಟಿ ಮಾಡಿಸಿ, "ಮೆಲ್ಲಕ ಒತ್ತು, ಮುಂದಕ್ಕ ಜಗ್ಗು" ಅಂತ ಹೇಳಿಕೊಟ್ಟರಂತೆ. ಗಾಡಿ ಎದ್ದು ಬಂತು.

ಎರಡನೇ ಸಂಗತಿ ಗಾಳಿಯದು. ಮ್ಯಾಲೆ ಹೋದಂತೆ ಗಾಳಿ ತೆಳ್ಳಗಾಗತದ. 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರದ ದಂಡಿಗೆ ಹೋಲಿಸಿದರೆ ಅರ್ಧದಷ್ಟೇ. ಮನುಷ್ಯಗ ಹ್ಯಾಂಗ ಏದುಸಿರು ಬರತದೋ ಇಂಜಿನ್ನಿಗೂ ಹಂಗೇ. ಕೆಳಗೆ ಹುಲಿಯಂಥ ಗಾಡಿ ಮ್ಯಾಲೆ ಮುದಿ ಎತ್ತು ಆಗತದ.

ಮೂರನೇದು ಪಳಗಿಸುವ ಮಾತು. ಹೊಸ ಗಾಡಿಯನ್ನ ಮೊದಲ ಹತ್ತು ತಾಸು ಪೂರ್ತಿ ಜೋರಿನಲ್ಲಿ ಬಹಳ ಹೊತ್ತು ಓಡಿಸಬಾರದು. ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಇನ್ನೂ ಹೊಂದಿರೋದಿಲ್ಲ. ಹಂಗಂತ ನಿಂತಲ್ಲೇ ಗುರುಗುಟ್ಟಿಸುತ್ತ ಇದ್ದರೂ ಅದು ಹೊಂದೋದಿಲ್ಲ. ಒಮ್ಮೆ ಸ್ವಲ್ಪ ಜೋರು, ಒಮ್ಮೆ ಮೆಲ್ಲಗೆ, ಹೀಗೆ ಬದಲಿಸುತ್ತ ಓಡಿಸಬೇಕು. ಹೊಸ ಬೆಲ್ಟಿಗೂ ಮೊದಲ 50 ಕಿಲೋಮೀಟರ್ ಹದವಾಗಿ ಓಡಿಸಬೇಕು. ಹೊಸ ಪಟ್ಟಾ ಓಡಿದ ಮ್ಯಾಲೆ ಸಡಿಲ ಆಗತದ, ಅಳತಿ ನೋಡಿ ಮತ್ತ ಬಿಗೀಬೇಕು. ಬೆಳಿಗ್ಗೆ ಪಟ್ಟಾ ಬರ್ಫಕ್ಕೆ ಹೆಪ್ಪುಗಟ್ಟಿ ಅಂಟಿರತದ. ಅದನ್ನ ಎತ್ತಿ ಬಿಡಿಸದೆ ಎಕ್ಸಲೇಟರ್ ಒತ್ತಿದರೆ ಬೆಲ್ಟು ಸುಡತದ.

ಇದನ್ನ ಕೇಳಿ ನನಗೆ ನಗಿ ಬಂತು. "ಇದು ನಮ್ಮ ಹೋರಿ ಪಳಗಿಸೋದೇ ಆತಲ್ಲೋ" ಅಂದೆ. ಹೊಸ ಹೋರಿಗೆ ಮೊದಲ ದಿನ ನೇಗಿಲು ಹೂಡ್ತೀವೇನು? ಹಳೇ ಎತ್ತಿನ ಜೋಡಿ ನೊಗ ಹಾಕಿ ಬರೀ ಕೊರಡು ಎಳಸ್ತೀವಿ. ಆಮ್ಯಾಲೆ ಕುಂಟಿ, ಆಮ್ಯಾಲೆ ಬರೀ ಚಕ್ಕಡಿ, ಕಡೀಗೆ ಹೇರು. ಅವಸರ ಮಾಡಿದರೆ ಹೆಗಲು ಬಾಯಬಿಟ್ಟು ಜನ್ಮಪೂರ್ತಿ ನೊಗಕ್ಕ ಅಂಜತದ. ಹೊಸ ಟ್ರ್ಯಾಕ್ಟರಿಗೂ ಮೊದಲ 50 ತಾಸು ಹಗುರ ಕೆಲಸ, ಆಮ್ಯಾಲೆ ಆಯಿಲ್ ಬದಲಿ. ಎಲ್ಲಾ ಒಂದೇ ಶಾಸ್ತ್ರ.

ಆವತ್ತು ನಾನು ಕೇಳಿದೆ: "ಇಂಥ ಗಾಡಿ ಮೊದಲು ಯಾರು ಮಾಡಿದರೋ?" ಅವ "ಕೆನಡಾದವ ಒಬ್ಬ, ಮಗ ಸತ್ತಿದ್ದಕ್ಕ ಮಾಡಿದನಂತ" ಅಂದ. ಆ ಮಾತು ನನ್ನನ್ನ ಬಿಡಲಿಲ್ಲ. ನಮ್ಮ ಗುರುಗಳಿಗೆ ಹೇಳಿದೆ. ಅವರು ಓದಿ ತಿಳಿಸಿದ್ದನ್ನ ಈಗ ಬರೀತೀನಿ.

ಕೆನಡಾ ದೇಶದ ಕ್ವಿಬೆಕ್ ಪ್ರಾಂತ. ಅಲ್ಲಿ ವಾಲ್ಕೋರ್ ಅಂತ ಒಂದು ಹಳ್ಳಿ. ಸುತ್ತ ಎಲ್ಲಾ ಕೆನಡಾ ದೇಶ ಇಂಗ್ಲೀಷು ಮಾತಾಡಿದರೆ ಅವರ ಮನಿ ಮಾತು ಫ್ರೆಂಚ್. ನಾವು ಮಹಾರಾಷ್ಟ್ರದಾಗ ಕನ್ನಡ ಇಟ್ಟುಕೊಂಡಂಗ ಅವರೂ ತಮ್ಮ ಮಾತು ಇಟ್ಟುಕೊಂಡಾರ. ಆ ಹಳ್ಳಿಯಲ್ಲಿ 1907ರ ಏಪ್ರಿಲ್ 16ರಂದು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಹುಟ್ಟಿದ. ಎಂಟು ಮಕ್ಕಳಲ್ಲಿ ಇವನೇ ಹಿರಿಯ. ಸಣ್ಣಂದಿನಿಂದಲೂ ಗಡಿಯಾರದ ಹಲ್ಲಿನ ಚಕ್ರ, ಸಿಕ್ಕ ಸಿಕ್ಕ ಯಂತ್ರ ಬಿಚ್ಚಿ ಜೋಡಿಸೋದೇ ಅವನ ಆಟ.

ಆ ಕಾಲಕ್ಕೆ ಕ್ವಿಬೆಕ್ಕಿನ ಹಳ್ಳಿಗಳಲ್ಲಿ ಚಳಿಗಾಲ ಬಂತಂದರೆ ರಸ್ತೆ ಮುಚ್ಚಿಹೋಗುತ್ತಿದ್ದವು. ಮೋಟಾರು ಇದ್ದವರು ಅದನ್ನ ಕಟ್ಟಿಗೆ ಮ್ಯಾಲೆ ಎತ್ತಿ ನಿಲ್ಲಿಸಿ ವಸಂತದ ತನಕ ಬಿಡುತ್ತಿದ್ದರು. ಓಡಾಟಕ್ಕೆ ಕುದುರಿ ಕಟ್ಟಿದ ಜಾರುಬಂಡಿಯೇ ಗತಿ. 1922ರ ಡಿಸೆಂಬರ್ 31ರಂದು, ಹದಿನೈದು ವರ್ಷದ ಅರ್ಮಾಂಡ್ ತಮ್ಮ ಲಿಯೊಪೋಲ್ಡನ ಜೋಡಿ ಒಂದು ವಿಚಿತ್ರ ಗಾಡಿ ಹೊರಗೆ ತಂದ. ಜಾರುಬಂಡಿಗೆ ಹಳೇ ಫೋರ್ಡ್ ಮೋಟಾರಿನ ಇಂಜಿನ್ ಕೂಡಿಸಿ, ಹಿಂದೆ ಕಟ್ಟಿಗೆಯ ದೊಡ್ಡ ಪಂಖಾ ಹಚ್ಚಿದ್ದ. ಪಂಖಾ ಗಾಳಿ ತಳ್ಳಿ ಗಾಡಿ ಬೀದಿಯಲ್ಲಿ ಓಡಿತು. ಊರ ಮಂದಿ ಬಾಯಿ ತೆರೆದು ನೋಡಿದರು. ಆದರೆ ಅಪ್ಪ ಆಲ್ಫ್ರೆಡ್ ಅದನ್ನ ಬಿಚ್ಚಿಹಾಕು ಅಂದ. ತಿರುಗುವ ಪಂಖಾಕ್ಕೆ ಕೈ ಕಾಲು ಸಿಕ್ಕರೆ ಗತಿ ಏನು ಅಂತ ಅಪ್ಪನ ಅಂಜಿಕಿ. ಅಪ್ಪ ಹೇಳಿದ್ದು ತಪ್ಪಲ್ಲ.

ಮನೆಯವರಿಗೆ ಮಗ ಪಾದ್ರಿ ಆಗಲಿ ಅಂತ ಆಸೆ ಇತ್ತು, ಆ ಶಾಲೆಗೂ ಕಳಿಸಿದ್ದರು. ಹುಡುಗನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕಡೆಗೆ ಗ್ಯಾರೇಜಿನ ಕೆಲಸ ಕಲಿಯಲು ಬಿಟ್ಟರು. 1926ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಅರ್ಮಾಂಡ್ ವಾಲ್ಕೋರಿನಲ್ಲೇ ತನ್ನ ಗ್ಯಾರೇಜು ತೆರೆದ. ಬ್ಯಾಸಿಗೆಯಲ್ಲಿ ಮೋಟಾರು, ಪಂಪು ರಿಪೇರಿ. ಚಳಿಗಾಲದಲ್ಲಿ ಕೆಲಸ ಕಡಿಮೆ, ಆಗ ಬರ್ಫದ ಗಾಡಿಯ ಪ್ರಯೋಗ. 1929ರಲ್ಲಿ ಇವೋನ್ ಲಾಬ್ರೆಕ್ ಅವರ ಜೋಡಿ ಲಗ್ನ ಆಯಿತು. ವರ್ಷ ವರ್ಷ ಪ್ರಯೋಗ ನಡೆದಿತ್ತು, ಯಾವುದೂ ಪೂರ್ತಿ ಆಗಿರಲಿಲ್ಲ. ಗಾಡಿ ಭಾರ ಆದರೆ ಬರ್ಫದಾಗ ಹುಗಿಯುತ್ತಿತ್ತು, ಹಗುರ ಮಾಡಿದರೆ ಮುರಿಯುತ್ತಿತ್ತು.

1934ರ ಚಳಿಗಾಲ. ಅವರ ಎರಡು ವರ್ಷದ ಮಗನಿಗೆ ಹೊಟ್ಟೆ ನೋವು ಎದ್ದಿತು. ಕರುಳಿನ ಬಾಲಕ್ಕೆ ಬಾವು ಬಂದು ಹೊಟ್ಟೆಯೆಲ್ಲ ನಂಜೇರಿತ್ತು. ಆಪರೇಷನ್ ಮಾಡುವ ಆಸ್ಪತ್ರೆ ಇದ್ದದ್ದು ದೂರದ ಶರ್ಬ್ರೂಕ್ ಪಟ್ಟಣದಲ್ಲಿ. ರಸ್ತೆ ಬರ್ಫದಲ್ಲಿ ಮುಚ್ಚಿತ್ತು. ಬರ್ಫದ ಮ್ಯಾಲೆ ಓಡಬೇಕಾದ ಗಾಡಿ ಗ್ಯಾರೇಜಿನಲ್ಲಿ ಅರ್ಧಕ್ಕೆ ನಿಂತಿತ್ತು. ಮಗ ಉಳಿಯಲಿಲ್ಲ.

ಇಲ್ಲಿ ನನ್ನ ಮಾತು ಒಂದು ಹೇಳಲೇಬೇಕು.

1978ರಲ್ಲಿ ಉತ್ತರಿ ಮಳಿ ಹಿಡಿದಿತ್ತು. ನನ್ನ ತಂಗಿ ಬಾಣಂತನಕ್ಕ ತವರಿಗೆ ಬಂದಿದ್ದಳು. ರಾತ್ರಿ ಮನೆಯಲ್ಲೇ ಹೆರಿಗೆ ಆಯಿತು. ಕೂಸು ಆರಾಮ ಇತ್ತು, ಆದರೆ ತಂಗಿಗೆ ರಕ್ತ ಹೋಗೋದು ನಿಲ್ಲಲಿಲ್ಲ. ಸೂಲಗಿತ್ತಿ ಮುದುಕಿ "ಪ್ಯಾಟಿಗೆ ಒಯ್ಯಿರಪಾ" ಅಂದಳು. ಬೆಳಕು ಹರಿಯುವ ಮೊದಲೇ ಚಕ್ಕಡಿ ಹೂಡಿದೆವು. ಎರಿಭೂಮಿಯ ಅರಲು ಗಾಲಿಗೆ ಸುತ್ತಿ ಗುಂಬದ ತನಕ ಹೂತಿತು. ಎತ್ತು ಮೊಣಕಾಲು ಊರಿದವು. ಹ್ಯಾಂಗೋ ಮಾಡಿ ಹಳ್ಳದ ತನಕ ಹೋದರೆ ಹಳ್ಳ ತುಂಬಿ ಹರಿಯುತ್ತಿತ್ತು. ದಂಡಿ ಮ್ಯಾಲೆ ನೀರು ಇಳಿಯೋದನ್ನ ಕಾಯ್ತಾ ಕುಂತೆವು. ನೀರು ಇಳಿಯುವುದರೊಳಗೆ ಆಕಿ ಜೀವ ಹೋಯಿತು. ಆ ಕೂಸೇ ಈಗ ಹೇಳಿದ ನನ್ನ ಅಳಿಯ.

ಅಲ್ಲಿ ಬರ್ಫ, ಇಲ್ಲಿ ಅರಲು. ದಾರಿ ಮುಚ್ಚಿದ ಮ್ಯಾಲೆ ಎರಡೂ ಒಂದೇ. ಅದಕ್ಕೇ ಈ ಗಾಡಿಯ ಇತಿಹಾಸ ನನಗೆ ಪರದೇಶದ್ದು ಅನಿಸಲಿಲ್ಲ.

ಮಗ ಹೋದ ಮ್ಯಾಲೆ ಬೊಂಬಾರ್ಡಿಯರ್ ಅವರು ಕೆಲಸ ಬಿಡಲಿಲ್ಲ. ಮುಂದಿನ ವರ್ಷ, 1935ರಲ್ಲಿ, ಗಂಟು ಬಿಚ್ಚಿತು. ರಬ್ಬರ್ ಹೊದಿಸಿದ ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡು ಸುತ್ತುವ ರಬ್ಬರಿನ ಪಟ್ಟಾ, ಪಟ್ಟಾಕ್ಕೆ ಅಡ್ಡಡ್ಡ ಉಕ್ಕಿನ ಪಟ್ಟಿ. ಚಕ್ರಕ್ಕೆ ರಬ್ಬರ್ ಇದ್ದದ್ದರಿಂದ ಬರ್ಫ ಅಂಟಿ ಗಡ್ಡಿ ಕಟ್ಟುತ್ತಿರಲಿಲ್ಲ. ಪಟ್ಟಾ ಅಗಲ ಇದ್ದದ್ದರಿಂದ ಗಾಡಿಯ ಭಾರ ಹಂಚಿಹೋಗಿ ಹುಗಿಯುತ್ತಿರಲಿಲ್ಲ. ಒಂಟಿ ಪಾದದಷ್ಟು ಜಾಗದ ಮ್ಯಾಲೆ ನಿಂತರೆ ಅರಲಿನಾಗ ಕಾಲು ಇಳೀತದ, ಹಲಗಿ ಹಾಕಿ ನಿಂತರೆ ಇಳಿಯೋದಿಲ್ಲ. ತತ್ವ ಅಷ್ಟೇ. 1937ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ಕಾಲಕ್ಕೆ ಏಳು ಮಂದಿ ಕೂಡುವ ಬಿ-7 ಅನ್ನುವ ಗಾಡಿ ಬಂತು. ಆಮೇಲೆ ಹನ್ನೆರಡು ಮಂದಿಯ ಬಿ-12. 1942ರಲ್ಲಿ ಅವರು ಕಂಪನಿ ಕಟ್ಟಿದರು.

ಈ ಗಾಡಿ ಕೊಂಡವರು ಯಾರು ಅಂತ ನೋಡಿರಿ. ಡಾಕ್ಟರರು, ಪಾದ್ರಿಗಳು, ಟಪಾಲಿನವರು. ಶಾಲಿ ಮಕ್ಕಳನ್ನ ಒಯ್ಯಲಿಕ್ಕೆ ಅದೇ, ರೋಗಿಗಳನ್ನ ಒಯ್ಯಲಿಕ್ಕೆ ಅದೇ. ತಮ್ಮ ಮಗನಿಗೆ ತಡವಾಗಿ ಬಂದ ಗಾಡಿ ಮಂದಿಯ ಮಕ್ಕಳಿಗೆ ವೇಳೆಗೆ ಸರಿಯಾಗಿ ಮುಟ್ಟಿತು.

1948ರಲ್ಲಿ ಕ್ವಿಬೆಕ್ ಸರ್ಕಾರ ಹಳ್ಳಿ ರಸ್ತೆಗಳ ಬರ್ಫ ತೆಗೆಸುವ ಕೆಲಸಕ್ಕೆ ಕೈ ಹಾಕಿತು. ಜನಕ್ಕೆ ಒಳ್ಳೆಯದಾಯಿತು, ದೊಡ್ಡ ಬರ್ಫದ ಗಾಡಿಗಳ ಮಾರಾಟ ಬಿದ್ದುಹೋಯಿತು. ಬೊಂಬಾರ್ಡಿಯರ್ ಅವರು ಜೌಗು ನೆಲದಲ್ಲಿ, ಕಾಡಿನಲ್ಲಿ ಓಡುವ ಪಟ್ಟಾ ಟ್ರ್ಯಾಕ್ಟರ್ ಮಾಡಿ ಕಂಪನಿ ಉಳಿಸಿದರು. ಅದರ ಜೋಡಿಗೇ ಹಳೇ ಕನಸು ಒಂದಿತ್ತು, ಒಬ್ಬರು ಇಬ್ಬರು ಕೂಡುವ ಸಣ್ಣ ಗಾಡಿ. ಹಗುರವಾದ ಇಂಜಿನ್ನುಗಳು ಬಂದ ಮೇಲೆ, 1959ರಲ್ಲಿ, ಸ್ಕಿ-ಡೂ ಅನ್ನುವ ಸಣ್ಣ ಗಾಡಿ ಮಾರಾಟಕ್ಕೆ ಬಂತು. ಅದರ ಒಂದೇ ತುಂಡಿನ ರಬ್ಬರ್ ಪಟ್ಟಾ ಮಾಡುವುದರಲ್ಲಿ ಹಿರಿಮಗ ಜೆರ್ಮೇನನ ಕೈ ಇತ್ತು. ಉತ್ತರದ ಕಾಡಿನಲ್ಲಿ ನಾಯಿ ಕಟ್ಟಿದ ಜಾರುಬಂಡಿಯ ಮ್ಯಾಲೆ ಊರೂರು ತಿರುಗುವ ಪಾದ್ರಿಗಳಿಗೆ, ಬೇಟೆಯವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಮಂದಿ ಅದನ್ನ ಆಟಕ್ಕೂ ಹಿಡಿದರು. 1964ರ ಫೆಬ್ರುವರಿಯಲ್ಲಿ, 56ನೇ ವಯಸ್ಸಿಗೆ, ಬೊಂಬಾರ್ಡಿಯರ್ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಮೊದಲಿನ ಗ್ಯಾರೇಜನ್ನ ವಾಲ್ಕೋರಿನ ವಸ್ತುಸಂಗ್ರಹಾಲಯದಲ್ಲಿ ಜೋಪಾನ ಮಾಡ್ಯಾರ.

ಈ ಕೆಲಸ ಒಬ್ಬರೇ ಮಾಡಿದ್ದಲ್ಲ, ಅದನ್ನೂ ಹೇಳಬೇಕು. ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಅನ್ನುವ ಊರಲ್ಲಿ ಕಾರ್ಲ್ ಎಲಿಯಸನ್ ಅಂತ ಇದ್ದರು. ಅವರ ಪಾದದಲ್ಲಿ ಊನ ಇತ್ತು, ಗೆಳೆಯರ ಜೋಡಿ ಬರ್ಫದಲ್ಲಿ ನಡೆಯಲು ಆಗುತ್ತಿರಲಿಲ್ಲ. ಅದಕ್ಕೆ 1924ರಲ್ಲಿ ದೋಣಿಯ ಇಂಜಿನ್, ಸೈಕಲ್ಲಿನ ಭಾಗ, ಜಾರುವ ಹಲಗಿ ಕೂಡಿಸಿ ಒಂದು ಗಾಡಿ ಮಾಡಿಕೊಂಡರು.

ನಮ್ಮಂಥ ಒಕ್ಕಲಿಗರಿಗೆ ಖುಷಿ ಕೊಡುವ ಕಥೆ ಮಿನ್ನೆಸೋಟಾ ರಾಜ್ಯದ ರೋಸೋ ಊರಿನದು. ಅಲ್ಲಿ ಎಡ್ಗರ್ ಹೆಟೀನ್, ತಮ್ಮ ಆಲನ್, ಗೆಳೆಯ ಡೇವಿಡ್ ಜಾನ್ಸನ್ ಕೂಡಿ ಬ್ಯಾಸಾಯದ ಯಂತ್ರ ಮಾಡುತ್ತಿದ್ದರು. 1955-56ರ ಚಳಿಗಾಲದಲ್ಲಿ ಎಡ್ಗರ್ ಊರಲ್ಲಿ ಇಲ್ಲದಾಗ ಜಾನ್ಸನ್ ಮತ್ತು ಕೆಲಸದವರು ಒಂದು ಬರ್ಫದ ಗಾಡಿ ಮಾಡಿದರು. ಕಾಳು ಮ್ಯಾಲಕ್ಕೆ ಎತ್ತುವ ಯಂತ್ರದ ಸರಪಳಿಯೇ ಪಟ್ಟಾ, ಹಳೇ ಶೆವ್ರೊಲೆ ಕಾರಿನ ಬಂಪರೇ ಸ್ಕೀ. ಎಡ್ಗರ್ ಬಂದು ನೋಡಿ, ಇದು ಹೊಟ್ಟೆ ತುಂಬಿಸುವ ಕೆಲಸ ಅಲ್ಲ ಅಂತ ಬೇಜಾರಾದರು. ಆ ಗಾಡಿ 465 ಡಾಲರಿಗೆ ಒಬ್ಬ ಕಟ್ಟಿಗೆ ಅಡ್ಡೆಯವರಿಗೆ ಮಾರಿತು. ಅಲ್ಲಿಂದ ಬೆಳೆದದ್ದೇ ಪೊಲಾರಿಸ್ ಕಂಪನಿ. ಮೊದಲು ಬ್ಯಾಸರ ಮಾಡಿಕೊಂಡ ಅದೇ ಎಡ್ಗರ್ 1960ರಲ್ಲಿ ಅಲಾಸ್ಕಾದ ಬೆಥೆಲ್ಲಿನಿಂದ ಫೇರ್‌ಬ್ಯಾಂಕ್ಸ್ ತನಕ ಸುಮಾರು 1,200 ಮೈಲಿ ಬರ್ಫದ ಗಾಡಿಯಲ್ಲೇ ಹೋಗಿ ತೋರಿಸಿದರು. ಈ ಗಾಡಿ ಆಟಿಕೆ ಅಲ್ಲ, ದೂರದ ದಾರಿಗೂ ತಡೀತದ ಅಂತ ಮಂದಿಗೆ ನಂಬಿಕಿ ಬಂತು. ಹೊಸ ಗಾಡಿ ಪಳಗೋದು ಅಂದರೆ ಇಂಜಿನ್ ಒಂದೇ ಅಲ್ಲ, ಮಂದಿಯ ಮನಸ್ಸೂ ಪಳಗಬೇಕು.

ಈಗ ಅಲ್ಲಿ ಬೆಟ್ಟಕ್ಕೇ ಬೇರೆ ತಳಿಯ ಗಾಡಿ ಅದಾವ. ಬಯಲಿನ ಗಟ್ಟಿ ದಾರಿಯ ಗಾಡಿಗೆ ಪಟ್ಟಾದ ಹಲ್ಲು ಒಂದು, ಒಂದೂವರೆ ಇಂಚು. ಬೆಟ್ಟದ ಗಾಡಿಗೆ ಎರಡೂವರೆ, ಮೂರು ಇಂಚು. ಪಟ್ಟಾ ಉದ್ದ, ಮುಂದಿನ ಎರಡು ಸ್ಕೀ ಹತ್ತಿರ ಹತ್ತಿರ. ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಗಾಡಿಯನ್ನ ಒಂದು ಮಗ್ಗಲಿಗೆ ಓಲಿಸಿ, ಸವಾರ ಎದ್ದು ನಿಂತು ಮ್ಯಾಲಿನ ಕಡೆ ಮೈ ಭಾರ ಹಾಕಬೇಕು. ಚಕ್ಕಡಿ ಓರೆ ಆದಾಗ ನಾವು ಎತ್ತರದ ಮಗ್ಗಲಿಗೆ ಜೋತು ಬೀಳ್ತೀವಲ್ಲ, ಹಂಗೆ. ಇನ್ನೊಂದು ಚಮತ್ಕಾರ: ಪಟ್ಟಾ ಎಸೆದ ಬರ್ಫವೇ ಒಳಗಿನ ಕೊಳವಿಗೆ ಬಡಿದು ಇಂಜಿನ್ ತಂಪು ಮಾಡತದ. ಗಟ್ಟಿ ಗಾಜಿನಂಥ ಬರ್ಫದ ಮ್ಯಾಲೆ ಓಡಿಸಿದರೆ ಎಸೆಯಲಿಕ್ಕೆ ಬರ್ಫ ಸಿಗದೆ, ಅಷ್ಟು ಚಳಿಯಲ್ಲೂ ಇಂಜಿನ್ ಕಾದು ನಿಲ್ಲತದ.

ಆದರೆ ಗಾಡಿ ಪಳಗಿದರೂ ಬೆಟ್ಟ ಪಳಗೋದಿಲ್ಲ. ಇಳಿಜಾರಿನ ಬರ್ಫ ಒಮ್ಮೆಗೇ ಕಿತ್ತು ಬಂದರೆ ಯಾವ ಗಾಡಿಯೂ ಲೆಕ್ಕಕ್ಕಿಲ್ಲ. ಅದಕ್ಕೇ ಬೆಟ್ಟಕ್ಕೆ ಹೋಗುವವರು ಹೂತವರನ್ನ ಹುಡುಕುವ ರೇಡಿಯೋ, ಚುಚ್ಚಿ ನೋಡುವ ಉದ್ದ ಸಲಾಕಿ, ಸನಿಕೆ ಇಲ್ಲದೆ ಹೋಗಬಾರದು. ನಮ್ಮ ಮಂದಿ ಇದನ್ನ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದಲ್ಲಿ ಬರ್ಫ ಕುಸಿದು ಹತ್ತು ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಫೆಬ್ರುವರಿ 8ಕ್ಕೆ ಜೀವಂತ ಸಿಕ್ಕರು. 11ಕ್ಕೆ ದಿಲ್ಲಿಯಲ್ಲಿ ತೀರಿಕೊಂಡರು. ಆ ಮೂರು ದಿನ ನಮ್ಮೂರ ಗುಡಿಯಲ್ಲೂ ದೀಪ ಹಚ್ಚಿದ್ದರು. ಆ ವರ್ಷದ ಶಿವರಾತ್ರಿ ಜಾಗರಣೆಗೆ ನಾನು ಅವರ ಮ್ಯಾಲೆ ಒಂದು ಪದ ಕಟ್ಟಿ ಹಾಡಿದೆ.

ಪದದ ಮಾತು ಬಂತು ಅಂತ ಕಡೀ ಮಾತು ಹೇಳ್ತೀನಿ. ತಂಗಿ ಸತ್ತಾಗ ನಾನು ಹಂತಿ ಪದ ಕಟ್ಟಿದೆ. ಕಣದಾಗ ಹಾಡಿದಾಗ ಹೆಣ್ಣುಮಕ್ಕಳು ಅತ್ತರು, ನನಗೂ ಎದಿ ಹಗುರ ಆಯಿತು. ಆದರೆ ಆ ಪದ ಒಬ್ಬ ಬಾಣಂತಿಯನ್ನೂ ಹಳ್ಳ ದಾಟಿಸಲಿಲ್ಲ. ವಾಲ್ಕೋರಿನ ಆ ಮೆಕ್ಯಾನಿಕ್ ಅವರೂ ಅತ್ತಿರಬೇಕು. ಅತ್ತು ಮತ್ತೆ ಗ್ಯಾರೇಜಿಗೆ ಹೋದರು. ಪದ ಕಟ್ಟೋದು ಬ್ಯಾಡ ಅಂತ ಹೇಳೋದಿಲ್ಲ, ಅದು ನನ್ನ ಉಸಿರು. ಆದರೆ ಪದದ ಜೋಡಿ ಕೈ ಕೆಲಸವೂ ಬೇಕು ಅನ್ನೋದು ನನಗೆ ತಡವಾಗಿ ತಿಳಿಯಿತು.

1996ರಲ್ಲಿ ಸಾಲ ಮಾಡಿ ಟ್ರ್ಯಾಕ್ಟರ್ ತಂದೆ. 50 ತಾಸು ಮೆಲ್ಲಗೆ ಪಳಗಿಸಿದೆ. ಆವತ್ತೇ ಮನೆಯಲ್ಲಿ ಒಂದು ಮಾತು ಮಾಡಿಕೊಂಡೆವು: ಮಳಿಗಾಲದಲ್ಲಿ ಯಾರ ಮನೆಯ ಬಸುರಿ, ಬಾಣಂತಿ, ಕೂಸಿಗೆ ಬೇಕಾದರೂ, ಅಪರಾತ್ರಿ ಆದರೂ, ಬಾಡಿಗಿ ಕೇಳಬಾರದು, ಇಲ್ಲ ಅನ್ನಬಾರದು. ಊರಿಗೆ ಈಗ ಡಾಂಬರ್ ರಸ್ತೆ ಬಂದದ, ಹಳ್ಳಕ್ಕೆ ಪೂಲು ಆಗ್ಯದ. ಆದರೆ ಹಳ್ಳದಾಚೆ ಹೊಲದ ವಸ್ತಿಗಳಿಗೆ ಹೋಗುವ ದಾರಿ ಇನ್ನೂ ಮಣ್ಣಿನದೇ. ಅದರ ಬಗ್ಗೆ ಅರ್ಜಿ ಬರೆಯಲು ಗುರುಗಳು ಕೂಡಿದರೆ ನಾವೆಲ್ಲ ಸಹಿ ಹಾಕ್ತೀವಿ.

ರಸ್ತೆ ಆಗೋ ತನಕ ಟ್ರ್ಯಾಕ್ಟರ್ ಅದ. ಈಗ ಅಳಿಯನೇ ಹೊಡೀತಾನ. ಮಳಿ ಹಿಡಿದ ದಿನ ಕೀಲಿ ಪೆಟ್ಟಿಗ್ಯಾಗ ಇಡೋದಿಲ್ಲ, ತಲೆಬಾಗಿಲ ಒಳಗಿನ ಮೊಳಿಗೆ ತೂಗಿರತದ. ಬೇಕಾದವರು ಬಾಗಿಲು ಬಡೀರಿ.